ವಂಶಾವಳಿಯಲ್ಲಿ ಇಲ್ಲದ ಹೆಸರುಗಳು

ಚನ್ನರಾಯನದುರ್ಗದ ನಮ್ಮ ಹಳೆಯ ಮನೆಯನ್ನು ಮಾರುವ ಮಾತು ಕಳೆದ ಮಾಗಿಯಲ್ಲಿ ಬಂತು. ಅಮೆರಿಕದ ಮಿನ್ನೆಸೋಟದಲ್ಲಿರುವ ಮಗ ದೂರವಾಣಿಯಲ್ಲಿ, “ಅಪ್ಪ, ನಿಮ್ಮ ತರುವಾಯ ಅಲ್ಲಿ ದೀಪ ಹಚ್ಚುವವರು ಯಾರು?” ಎಂದು ಕೇಳಿದ. ಉತ್ತರ ಹೇಳಲಾರದೆ ನಾನು ಸುಮ್ಮನಾದೆ. ಮಾತು ಬದಲಿಸಲೆಂದು ಅವನು ತನ್ನ ನೆರೆಯವರ ವಿಷಯ ಎತ್ತಿಕೊಂಡ. ಅವರ ಪೂರ್ವಿಕರು ಸ್ವೀಡನ್ನಿನಿಂದ ಬಂದವರಂತೆ. ಭಾಷೆ ಮರೆತಿದೆ, ಮನೆತನದ ಹೆಸರು ಮತ್ತು ಹಬ್ಬದಡುಗೆ ಉಳಿದಿವೆ. “ನಮ್ಮ ಮಕ್ಕಳೂ ಹಾಗೆಯೇ ಆಗುವರೇನೋ” ಎಂದ.

ಆ ಮಾತು ನನ್ನನ್ನು ಬಹುದಿನ ಕಾಡಿತು. 1862ರ ಕಾನೂನಿನಂತೆ ಅಮೆರಿಕದ ಸರ್ಕಾರ 160 ಎಕರೆ ಭೂಮಿಯನ್ನು ಐದು ವರ್ಷ ನೆಲೆಸಿ ಸಾಗುಮಾಡಿದವರಿಗೆ ಬಿಟ್ಟುಕೊಟ್ಟಿತು. ಸ್ವೀಡನ್, ನಾರ್ವೆಗಳ ರೈತರು ಮಿನ್ನೆಸೋಟ, ಡಕೋಟಗಳ ಬಯಲಿಗೆ ಸಾಲುಗಟ್ಟಿ ಬಂದುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಮೂಲನಿವಾಸಿಗಳು ನೆಲ ಕಳೆದುಕೊಂಡರೆಂಬುದು ಆ ಕಥೆಯ ಇನ್ನೊಂದು ಮುಖ.

ಇಂಥದೇ ಒಂದು ಪ್ರಯತ್ನ ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ನಡೆದಿತ್ತು. ಯುರೋಪಿನ ತಂದೆಗೂ ಈ ನೆಲದ ತಾಯಿಗೂ ಹುಟ್ಟಿದವರ ಸಂತತಿಯನ್ನು ಆಗ ಯುರೇಷಿಯನ್ನರೆಂದು ಕರೆಯುತ್ತಿದ್ದರು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಉನ್ನತ ಸೇವೆಗಳ ಬಾಗಿಲನ್ನು ಅವರಿಗೆ ಮುಚ್ಚಿತು. ಮುಂದೆ ರೈಲ್ವೆ, ತಂತಿ ಇಲಾಖೆಗಳು ಅವರಿಗೆ ಅನ್ನ ಕೊಟ್ಟವು. ಆದರೆ ನೌಕರಿಯನ್ನೇ ನಂಬಿದ ಸಮುದಾಯಕ್ಕೆ ಸ್ವಂತ ನೆಲವೊಂದು ಬೇಕೆಂದು ಡಿ. ಎಸ್. ವೈಟ್ ಎಂಬವರು ಭಾವಿಸಿದರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಯುರೇಷಿಯನ್ ಸಂಘಕ್ಕೆ ಕೊಡಮಾಡಿದರು. ಅದೇ ವೈಟ್‌ಫೀಲ್ಡ್. ನಡುವೆ ಬಯಲು, ಸುತ್ತ ವರ್ತುಲಾಕಾರದ ಬೀದಿ, ಬೀದಿಯ ಅಂಚಿಗೆ ತೋಟದ ಮನೆಗಳು.

ನಾನು ಅಲ್ಲಿಗೆ ಹೋಗಿಬಂದೆ. 2023ರಲ್ಲಿ ಮೆಟ್ರೋ ರೈಲು ಮುಟ್ಟಿದ ಆ ಊರಿನಲ್ಲಿ ಗಾಜಿನ ಕಟ್ಟಡಗಳ ನಡುವೆ ಒಳವರ್ತುಲದ ಬೀದಿಯನ್ನು ಹುಡುಕಿ ಸುತ್ತಿದೆ. ಹೆಂಚಿನ ಮಾಡಿನ ಮನೆಗಳು ಬೆರಳೆಣಿಕೆಯಷ್ಟು ಕಂಡವು. ಬೇಸಾಯದ ಆ ಕನಸು ಬಹಳ ಬೆಳೆಯಲಿಲ್ಲ. ಅನೇಕ ಕುಟುಂಬಗಳು ಕೋಲಾರದ ಚಿನ್ನದ ಗಣಿಗೆ, ರೈಲ್ವೆ ಕಾಲನಿಗಳಿಗೆ ಅಂಟಿಕೊಂಡವು. 1947ರ ತರುವಾಯ ಎಷ್ಟೋ ಮಂದಿ ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ತೆರಳಿದರು. ಒಮ್ಮೆ ಬಂದವರ ಮಕ್ಕಳು ಮತ್ತೆ ಹೊರಟರು.

ಸಂವಿಧಾನದ 366ನೆಯ ವಿಧಿ ಆಂಗ್ಲೋ-ಇಂಡಿಯನ್ ಎಂದರೆ ಯಾರೆಂಬುದನ್ನು ಹೇಳುತ್ತದೆ: ತಂದೆಯ ಅಥವಾ ತಂದೆಯ ಕಡೆಯ ಪೂರ್ವಪುರುಷರ ಮೂಲ ಯುರೋಪಿನದಾಗಿರಬೇಕು. ಅವರಿಗಿದ್ದ ನಾಮನಿರ್ದೇಶನದ ಸ್ಥಾನಗಳು 2020ರ ಜನವರಿಯಲ್ಲಿ ಕೊನೆಗೊಂಡವು. ಆ ವಿಧಿಯನ್ನು ಓದುವಾಗ ನನಗೆ ತಟ್ಟಿದ್ದು ಬೇರೆಯೇ ಸಂಗತಿ. ಆ ಸಮುದಾಯಕ್ಕೆ ಈ ನೆಲದ ಬೇರು ಕೊಟ್ಟವರು ತಾಯಂದಿರು. ಲಕ್ಷಣವಾಕ್ಯವಾದರೋ ತಂದೆಯನ್ನು ಮಾತ್ರ ಎಣಿಸಿದೆ.

ಪರರ ಲೋಪವನ್ನು ಕಂಡ ಮೇಲೆ ನಮ್ಮದನ್ನು ನೋಡಿಕೊಳ್ಳದಿರುವುದು ಶ್ರಾವಕನಿಗೆ ಸಲ್ಲದು. ಮಧುಗಿರಿ, ಶಿರಾಗಳ ಆಚೆ, ಈಗ ಆಂಧ್ರಕ್ಕೆ ಸೇರಿದ ಅಮರಾಪುರದಲ್ಲಿ 1278ರ ಒಂದು ಕನ್ನಡ ಶಾಸನವಿದೆ. ನಿಡುಗಲ್ಲಿನ ಇರುಂಗೋಳನ ಕಾಲದ್ದು. ತೈಲಂಗೆರೆಯ ಜಿನಾಲಯಕ್ಕೆ ಮಲ್ಲಿಸೆಟ್ಟಿ ಎರಡು ಸಾವಿರ ಅಡಕೆಮರಗಳ ಉತ್ಪನ್ನವನ್ನು ಬಿಟ್ಟ ದತ್ತಿ ಅದರಲ್ಲಿದೆ. ಅಲ್ಲಿನ ಅರ್ಚಕನಾದ ಚೆಲ್ಲಪಿಳ್ಳೆ ಪಾಂಡ್ಯದೇಶದಿಂದ ಬಂದ ಜೈನಬ್ರಾಹ್ಮಣನೆಂಬ ಉಲ್ಲೇಖವೂ ಇದೆ. ಇಲ್ಲಿನ ಜೈನರೆಲ್ಲ ಅನಾದಿಯಿಂದ ಇಲ್ಲಿಯವರೇ ಎಂದು ನಾನು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಕಲ್ಲು ನನ್ನ ಮಾತನ್ನು ಏಳು ನೂರು ವರ್ಷಗಳ ಹಿಂದೆಯೇ ತಿದ್ದಿಟ್ಟಿತ್ತು. ಹೊರಗಿನಿಂದ ಬಂದವನೊಬ್ಬ ಇಲ್ಲಿ ಪೂಜೆಗೆ ನಿಂತ, ಕನ್ನಡದ ಕಲ್ಲಿನಲ್ಲಿ ಅವನ ಹೆಸರು ನಿಂತಿತು.

ಊರಿಗೆ ಹಿಂದಿರುಗಿ ದೇವರ ಪೆಟ್ಟಿಗೆಯಿಂದ ನಮ್ಮ ವಂಶಾವಳಿಯ ಕಡತವನ್ನು ತೆಗೆದೆ. ಅಜ್ಜನ ಕೈಬರಹ. ಒಂಬತ್ತು ತಲೆಮಾರಿನ ಗಂಡಸರ ಹೆಸರುಗಳು, ಒಬ್ಬ ಹೆಂಗಸಿನದೂ ಇಲ್ಲ. ಅಜ್ಜನ ತಂಗಿಯರು ಯಾವ ಊರು ಸೇರಿದರು, ನಮ್ಮ ಮುತ್ತಜ್ಜಿಯರು ಎಲ್ಲಿಂದ ಬಂದರು ಎಂಬುದಕ್ಕೆ ಒಂದು ಗೀಟೂ ಇಲ್ಲ. ಮದುವೆಯಾಗಿ ಬಂದು ಈ ಮನೆಯಲ್ಲಿ ನೆಲೆಸಿದವರೆಲ್ಲ ಒಂದರ್ಥದಲ್ಲಿ ವಲಸೆಯವರೇ. ನಿತ್ಯ ದೀಪ ಹಚ್ಚಿದವರೂ ಅವರೇ.

ಮನೆಯನ್ನು ಮಾರಲು ಒಪ್ಪಿದ್ದೇನೆ. ಕೊಳ್ಳುವವರು ಊರಿನ ರೈತ ಕುಟುಂಬದವರು, ಅಲ್ಲಿಯೇ ವಾಸಿಸುವವರು. ಪಾಳುಬಿಡುವುದಕ್ಕಿಂತ ಅದು ಲೇಸು. ಅದಕ್ಕೆ ಮೊದಲು ಕಡತವನ್ನು ಹೊಸದಾಗಿ ಬರೆಯುತ್ತಿದ್ದೇನೆ. ನನ್ನ ಮಡದಿ, ತಾಯಿ, ಅಜ್ಜಿ, ಅವರವರ ತವರೂರು ಸೇರಿದವು. ಮುತ್ತಜ್ಜಿಯ ಹೆಸರು ಹೇಳಬಲ್ಲ ಹಿರಿಯರು ಈಗ ಯಾರೂ ಉಳಿದಿಲ್ಲ. ಅವಳ ಸ್ಥಾನವನ್ನು ಖಾಲಿ ಬಿಟ್ಟು ಕೆಳಗೆ ಗೆರೆ ಎಳೆದಿದ್ದೇನೆ. ಕೊನೆಯ ಸಾಲಿನಲ್ಲಿ ಮಿನ್ನೆಸೋಟದಲ್ಲಿ ಹುಟ್ಟಿದ ಮೊಮ್ಮಗಳ ಹೆಸರನ್ನು ಕನ್ನಡದಲ್ಲಿ ಬರೆದೆ. ಅವಳಿಗೆ ಈ ಲಿಪಿ ಬಾರದು. ಬೇಸಿಗೆಯಲ್ಲಿ ಬಂದಾಗ ಮೊದಲು ಅಷ್ಟನ್ನು ಓದಲು ಕಲಿಸುವೆ.