ಜೋಡಿಯಾಗಿ ಹೊರಟವರು

ಅಮೆರಿಕದ ಯೂಟಾ ರಾಜ್ಯದಲ್ಲಿ ಅರವತ್ತು ದಾಟಿದ ಗಂಡ ಹೆಂಡಿರು ಮನೆಯ ಬೀಗದ ಕೈಯನ್ನು ಮಗನಿಗೋ ಬಾಡಿಗೆದಾರರಿಗೋ ಒಪ್ಪಿಸಿ ಪರದೇಶಕ್ಕೆ ಹೊರಟರೆ ಯಾರೂ ಹುಬ್ಬೇರಿಸುವುದಿಲ್ಲ. ಅವರು ಹೋಗುವುದು ಊರು ನೋಡಲಿಕ್ಕಲ್ಲ, ಮಕ್ಕಳ ಮನೆಗೂ ಅಲ್ಲ. ತಮ್ಮ ಚರ್ಚು ಕಳಿಸಿದ ಕಡೆಗೆ, ಸಂಬಳವಿಲ್ಲದ ದುಡಿಮೆಗೆ, ತಮ್ಮದೇ ಖರ್ಚಿನಲ್ಲಿ. ಆರು ತಿಂಗಳಿಗೆ ಹೋಗುವವರಿದ್ದಾರೆ, ವರ್ಷಕ್ಕೆ, ಒಂದೂವರೆ ವರ್ಷಕ್ಕೆ ಹೋಗುವವರಿದ್ದಾರೆ. ಹೆಚ್ಚೆಂದರೆ 23 ತಿಂಗಳು. ಮಾರ್ಮನ್ನರು ಎಂದು ಲೋಕ ಕರೆಯುವ, ಲೇಟರ್ ಡೇ ಸೇಂಟ್ಸ್ ಎಂದು ತಾವು ಕರೆದುಕೊಳ್ಳುವ ಆ ಜನ ಇದನ್ನು ಮಿಷನ್ ಎನ್ನುತ್ತಾರೆ.

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಸಾಲ್ಟ್ ಲೇಕ್ ಸಿಟಿಯ ಕಡೆ ಹೋದಾಗ, ಪಕ್ಕದ ಮನೆಯ ಹಿರಿಯ ದಂಪತಿ ಘಾನಾದಲ್ಲಿ ಒಂದೂವರೆ ವರ್ಷ ಕಳೆದು ಬಂದ ಹೊಸತು. ಮಗು ನೋಡಲು ಬಂದರು. ನನ್ನ ಹೆಂಡತಿ ಸಂಭ್ರಮದಿಂದ ಫಿಲ್ಟರ್ ಕಾಫಿ ತಂದಳು. ಅವರು ಕೈಮುಗಿದು ಬೇಡವೆಂದರು. ಕಾಫಿ, ಚಹಾ, ಮದ್ಯ, ತಂಬಾಕು ಈ ನಾಲ್ಕೂ ಅವರಲ್ಲಿ ನಿಷಿದ್ಧ. 1833ರಲ್ಲಿ ಅವರ ಪ್ರವಾದಿ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯ ನಿಯಮದಿಂದ ಬಂದ ಕಟ್ಟುಪಾಡು ಅದು. ಇವಳು ಒಳಗೆ ಹೋಗಿ ಶುಂಠಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆ ಮಾಡಿ ತಂದಳು. ಇಬ್ಬರೂ ಇನ್ನೊಂದು ಲೋಟ ಕೇಳಿ ಕುಡಿದರು. ಅಲ್ಲಿಂದ ಮಾತು ಬೆಳೆಯಿತು, ಸಂಜೆಯ ವಾಕಿಂಗ್‌ಗೆ ನಾಲ್ವರೂ ಒಟ್ಟಿಗೆ ಹೋಗುವಷ್ಟು.

ಹೊರಡುವ ಮುಂಚಿನ ಸಿದ್ಧತೆ ಸಣ್ಣದಲ್ಲ. ವೈದ್ಯರ ತಪಾಸಣೆ ಆಗಬೇಕು, ಹಲ್ಲಿನ ರಿಪೇರಿ ಇದ್ದರೆ ಮುಗಿಸಿಕೊಂಡಿರಬೇಕು, ಬಿಷಪ್ಪರ ಸಂದರ್ಶನ ಆಗಬೇಕು. ಯಾವ ಬಗೆಯ ಕೆಲಸ ಇಷ್ಟ, ಎಲ್ಲಿಗೆ ಹೋಗಲು ಆಸೆ ಎಂದು ಹಿರಿಯರು ಬರೆದುಕೊಡಬಹುದು. ಆದರೆ ಕರೆ ಬರುವುದು ಚರ್ಚಿನ ಅಧ್ಯಕ್ಷರಿಂದ, ಬಂದ ಕಡೆಗೆ ಹೋಗುವುದೇ ರೂಢಿ. ಹಿಂದೆಲ್ಲ ಅಂಚೆಯಲ್ಲಿ ದೊಡ್ಡ ಬಿಳಿ ಲಕೋಟೆ ಬರುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಬರುತ್ತದೆ. ಮಕ್ಕಳು, ಮೊಮ್ಮಕ್ಕಳು ಸುತ್ತ ಕೂತಿರುವಾಗ ಅದನ್ನು ಗಟ್ಟಿಯಾಗಿ ಓದುತ್ತಾರಂತೆ. ಆಮೇಲೆ ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಕೆಲವು ದಿನ ಕಳೆದು ವಿಮಾನ ಹತ್ತುವುದು. ಹಣದ ಚಿಂತೆ ಎಲ್ಲರಿಗೂ ಇರುವುದೇ. ಪರದೇಶದಲ್ಲಿ ದಂಪತಿಯ ಮನೆ ಬಾಡಿಗೆ ತಿಂಗಳಿಗೆ 1,400 ಡಾಲರಿಗಿಂತ ಹೆಚ್ಚಾದರೆ, ಹೆಚ್ಚಾದಷ್ಟನ್ನು ಚರ್ಚು ಭರಿಸುವುದೆಂದು 2011ರಲ್ಲಿ ನಿಯಮ ಮಾಡಿದ್ದರಿಂದ ಮಧ್ಯಮ ವರ್ಗದವರಿಗೆ ಧೈರ್ಯ ಬಂತು ಎಂದು ಪಕ್ಕದ ಮನೆಯಾತ ಹೇಳಿದರು.

ಇವರಿಗೆ ಬಂದದ್ದು ಘಾನಾದ ಕಡಲ ತೀರದ ಕೇಪ್ ಕೋಸ್ಟ್. ಬಾಗಿಲು ತಟ್ಟಿ ಧರ್ಮ ಬೋಧಿಸುವ, ಬಿಳಿ ಅಂಗಿಯ, ಜೋಡಿ ಜೋಡಿಯಾಗಿ ನಡೆಯುವ ಹುಡುಗರನ್ನು ನಾವೆಲ್ಲ ಚಿತ್ರಗಳಲ್ಲಿ ನೋಡಿದ್ದೇವೆ. ಹಿರಿಯ ದಂಪತಿಗಳ ಕೆಲಸ ಬಹುತೇಕ ಅದಲ್ಲ. ಆ ಹುಡುಗರ ಹಿಂದೆ ನಿಂತು ಸಂಸಾರ ನಡೆಸುವುದು. ಯಜಮಾನರ ಪಾಲಿಗೆ ಮಿಷನ್ ಕಚೇರಿಯ ಲೆಕ್ಕ, ವಾಹನಗಳ ಟೈರು, ಎಣ್ಣೆ, ವಿಮೆ. ಯಜಮಾನಿತಿಯ ಪಾಲಿಗೆ ಹುಡುಗರು ಇರುವ ಬಾಡಿಗೆ ಮನೆಗಳ ತಪಾಸಣೆ. ಆಕೆ ಹೇಳಿದ ಒಂದು ಮನೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಫ್ರಿಜ್ ತೆಗೆದರೆ ಒಳಗೆ ಅರ್ಧ ಡಬ್ಬಿ ಮೀನು, ಒಂದು ಕೆಚಪ್ ಬಾಟಲಿ, ಒಣಗಿದ ಬ್ರೆಡ್ಡಿನ ಎರಡು ಚೂರು. ನೀರಿನ ಫಿಲ್ಟರಿನ ಕ್ಯಾಂಡಲ್ ಹಸಿರುಗಟ್ಟಿದೆ. ಸೊಳ್ಳೆ ಪರದೆಯಲ್ಲಿ ಮುಷ್ಟಿ ಹೋಗುವಷ್ಟು ತೂತು. ಮೂಲೆಯಲ್ಲಿ ಜ್ವರದಿಂದ ಮಲಗಿದ್ದ ಹುಡುಗ ಸಿಯೆರಾ ಲಿಯೋನಿನವನು, ಹತ್ತೊಂಬತ್ತು ವಯಸ್ಸು, ಮನೆ ಬಿಟ್ಟು ಬಂದದ್ದು ಅದೇ ಮೊದಲು. ಆಕೆ ಕ್ಯಾಂಡಲ್ ಉಜ್ಜಿ ತೊಳೆದು, ಅವನನ್ನು ಮಲೇರಿಯಾ ಪರೀಕ್ಷೆಗೆ ಕರೆದೊಯ್ದು, ವಾಪಸ್ಸು ಬಂದು ಸೂಜಿ ದಾರ ಹಿಡಿದು ಪರದೆ ಹೊಲಿದರು. ಅವನ ಜೊತೆಗಾರನಿಗೆ ಅಲಸಂದೆ ಕಾಳು ರಾತ್ರಿ ನೆನೆಹಾಕಿ ಬೇಯಿಸುವುದನ್ನು ಕಲಿಸಿದರು. ಇದನ್ನೆಲ್ಲ ಹೇಳುವಾಗ ಆಕೆಯ ಧ್ವನಿಯಲ್ಲಿ ಹೆಮ್ಮೆಯಿರಲಿಲ್ಲ, ಆ ಹುಡುಗನ ಮೇಲಿನ ಕಾಳಜಿ ಇನ್ನೂ ಇತ್ತು.

ವಾರಕ್ಕೊಂದು ಬಿಡುವಿನ ದಿನ ಸುತ್ತಾಟ. ಕಾಕುಂ ಕಾಡಿನಲ್ಲಿ ಮರದ ತುದಿಗಳ ನಡುವೆ ಕಟ್ಟಿದ, ಸುಮಾರು 350 ಮೀಟರ್ ಉದ್ದದ ತೂಗುಹಾದಿಯನ್ನು ಇಬ್ಬರೂ ಹಗ್ಗ ಬಿಗಿ ಹಿಡಿದು ದಾಟಿದರು. ಪೋರ್ಚುಗೀಸರು 1482ರಲ್ಲಿ ಕಟ್ಟಿಸಿದ ಎಲ್ಮಿನಾ ಕೋಟೆ ನೋಡಿದರು. ಹುಟ್ಟಿದ ವಾರದಿಂದ ಹೆಸರಿಡುವ ಪದ್ಧತಿ ಅಲ್ಲಿಯದು. ಬುಧವಾರ ಹುಟ್ಟಿದ ಆತ ಕ್ವೇಕು ಆದರು, ಭಾನುವಾರದ ಆಕೆ ಎಸಿ. ಕೋಟೊಕುರಾಬಾ ಮಾರುಕಟ್ಟೆಯಲ್ಲಿ ಬಾಳೆಕಾಯಿ ಮಾರುವ ಹೆಂಗಸರು ಆ ಹೆಸರಿನಿಂದಲೇ ಕೂಗಿ ಕರೆಯುತ್ತಿದ್ದರಂತೆ.

ಕೇಪ್ ಕೋಸ್ಟ್ ಕೋಟೆಯ ವಿಷಯಕ್ಕೆ ಬಂದಾಗ ಮಾತ್ರ ಆತ ನಡಿಗೆ ನಿಲ್ಲಿಸಿಬಿಟ್ಟರು. ಗುಲಾಮರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆ. ಅದರ ಮೇಲೆಯೇ ಪ್ರಾರ್ಥನಾ ಮಂದಿರ. ಕೆಳಗೆ ನರಳಾಟ, ಮೇಲೆ ಭಜನೆ. ಅದನ್ನು ನೋಡಿ ತಮ್ಮದೇ ಚರ್ಚಿನ ಚರಿತ್ರೆ ನೆನಪಾಯಿತೆಂದರು. 1852ರಿಂದ 1978ರವರೆಗೆ ಈ ಚರ್ಚು ಕಪ್ಪು ಜನರಿಗೆ ಪೌರೋಹಿತ್ಯ ಕೊಡಲಿಲ್ಲ. ಉಳಿದ ಗಂಡಸರಿಗೆಲ್ಲ ಸಾಮಾನ್ಯವಾಗಿ ದೊರೆಯುವ ಪದವಿ ಅದು. ಹೀಗಿದ್ದೂ ಕೇಪ್ ಕೋಸ್ಟಿನ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬಾತ 1964ರಲ್ಲಿ ಇವರ ಧರ್ಮಗ್ರಂಥ ಓದಿ, ಯಾರೂ ದೀಕ್ಷೆ ಕೊಡದಿದ್ದರೂ ತಾನೇ ಸಭೆಗಳನ್ನು ಕಟ್ಟಿ ಹದಿನಾಲ್ಕು ವರ್ಷ ಕಾದರು. 1978ರ ಜೂನಿನಲ್ಲಿ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಆ ನಿಷೇಧ ತೆಗೆದರು. ನವೆಂಬರಿನಲ್ಲಿ ಪಶ್ಚಿಮ ಆಫ್ರಿಕಕ್ಕೆ ಮೊದಲು ಬಂದಿಳಿದವರು ಹುಡುಗರಲ್ಲ, ಎರಡು ಹಿರಿಯ ಜೋಡಿಗಳು: ರೆಂಡೆಲ್ ಮತ್ತು ರೇಚೆಲ್ ಮೇಬಿ, ಎಡ್ವಿನ್ ಮತ್ತು ಜಾನತ್ ಕ್ಯಾನನ್. ಮೊದಲು ನೈಜೀರಿಯ, ಆಮೇಲೆ ಡಿಸೆಂಬರಿನಲ್ಲಿ ಕೇಪ್ ಕೋಸ್ಟ್. ಕಾದಿದ್ದ ಜಾನ್ಸನ್‌ಗೆ ದೀಕ್ಷಾಸ್ನಾನ ಆದದ್ದು ಆಗ.

ಈ ಕಥೆಯಲ್ಲಿ ನನಗೆ ದೊಡ್ಡವರಾಗಿ ಕಾಣುವುದು ಕಾದ ಜಾನ್ಸನ್. ಆ ನಿಷೇಧ ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಪಕ್ಕದ ಮನೆಯಾತನೂ ಅದನ್ನು ಮುಚ್ಚಿಡಲಿಲ್ಲ. ತಲೆ ನರೆತವರನ್ನು ಮೊದಲು ಕಳಿಸಿದ್ದು ಒಳ್ಳೆಯದಾಯಿತು ಎಂದು ಮಾತ್ರ ನನಗನ್ನಿಸುತ್ತದೆ. ಅಷ್ಟು ವರ್ಷದ ತಪ್ಪನ್ನು ಹೊತ್ತು ಇನ್ನೊಬ್ಬರ ಅಂಗಳದಲ್ಲಿ ನಿಲ್ಲುವುದಕ್ಕೆ ಇಪ್ಪತ್ತರ ಹರೆಯದ ಭುಜ ಸಾಲದು.

ಮತಾಂತರದ ಬಗ್ಗೆ ನಮ್ಮಲ್ಲಿ ಅನೇಕರಿಗಿರುವ ಅಳುಕು ನನಗೂ ಇದೆ. ಅವರೆದುರಿಗೇ ಹೇಳಿದೆ, ಅವರು ಸಮಾಧಾನದಿಂದ ಕೇಳಿಸಿಕೊಂಡರು. ಈ ಚರ್ಚು ನಮ್ಮ ದೇಶಕ್ಕೂ ಹೊಸದಲ್ಲ. ಹೈದರಾಬಾದಿನ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು ದಂಪತಿ ಸಮೋವಾ ದ್ವೀಪದಲ್ಲಿದ್ದಾಗ ಈ ಪಂಥ ಸೇರಿ, ಅದೇ 1978ರ ಡಿಸೆಂಬರಿನಲ್ಲಿ ಮಿಷನರಿಗಳಾಗಿ ತಮ್ಮೂರಿಗೆ ಬಂದರು. 1993ರಲ್ಲಿ ಬೆಂಗಳೂರಿನಲ್ಲಿ ಮಿಷನ್ ಶುರುವಾದಾಗ ಅದರ ಮೊದಲ ಅಧ್ಯಕ್ಷರಾಗಿ ಬಂದವರು ಪಂಜಾಬಿನಲ್ಲಿ ಹುಟ್ಟಿ ಪ್ರೊವೊದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಗುರುಚರಣ್ ಸಿಂಗ್ ಗಿಲ್. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಸಾರಿ, 2020ರ ಡಿಸೆಂಬರಿನಲ್ಲಿ ಗುದ್ದಲಿ ಹಾಕಿದರು. ಅವರ ನಂಬಿಕೆ ಅವರಿಗೆ, ನನ್ನದು ನನಗೆ. ಆದರೆ ಆ ದಂಪತಿಯಿಂದ ನಾನು ಕಲಿಯಬೇಕಾದದ್ದು ನಂಬಿಕೆಯ ವಿಷಯವಾಗಿ ಅಲ್ಲ, ಸಂಸಾರದ ವಿಷಯವಾಗಿ ಇತ್ತು.

ಮಿಷನ್ನಿನಲ್ಲಿ ಗಂಡ ಹೆಂಡತಿ ಇಬ್ಬರ ಎದೆಯ ಮೇಲೂ ಕಪ್ಪು ಬಿಲ್ಲೆ ಇರುತ್ತದೆ. ಒಂದರಲ್ಲಿ ಎಲ್ಡರ್, ಇನ್ನೊಂದರಲ್ಲಿ ಸಿಸ್ಟರ್. ಮುಂದಿನ ಮನೆತನದ ಹೆಸರು ಒಂದೇ. ಕರೆ ಬರುವುದು ಇಬ್ಬರಿಗೂ. ಆತ ಮಿಷನರಿ, ಆಕೆ ಜೊತೆಗೆ ಹೋದ ಹೆಂಡತಿ ಎಂಬ ಲೆಕ್ಕವಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದ್ದರೂ ಒಂದೇ ಕಚೇರಿಯಲ್ಲಿ ಎದುರುಬದುರು ಮೇಜಿಗೆ ಕೂತದ್ದು ಅಲ್ಲೇ ಮೊದಲು ಎಂದರು ಆಕೆ. ಲೆಕ್ಕ ತಾಳೆಯಾಗದಿದ್ದರೆ ಗಂಡನಿಗೆ ಊಟ ಸೇರುವುದಿಲ್ಲ ಎಂದು ಆಕೆಗೆ ಗೊತ್ತಾದದ್ದು ಅಲ್ಲಿ. ಮನೆ ಮಾಲೀಕನ ಹತ್ತಿರ ಬಾಡಿಗೆ ಇಳಿಸಲು ಹೆಂಡತಿಗಿರುವ ಜಾಣತನ ಆತನಿಗೆ ತಿಳಿದದ್ದೂ ಅಲ್ಲೇ. ತೆತ್ತದ್ದೂ ಇದೆ. ಅವರಿಲ್ಲದಾಗ ಮೊಮ್ಮಗಳು ಹುಟ್ಟಿದಳು. ಮೊದಲು ಎತ್ತಿಕೊಂಡದ್ದು ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ. ಅಲ್ಲಿ ಮಿಷನರಿಗಳನ್ನು ಎದುರುಗೊಳ್ಳುವ ಕುಟುಂಬಗಳು ಬ್ಯಾನರ್ ಹಿಡಿದು ಎಷ್ಟು ಬರುತ್ತವೆಂದರೆ, 2020ರಲ್ಲಿ ಹೊಸ ನಿಲ್ದಾಣ ಕಟ್ಟುವಾಗ ಅವರಿಗಾಗಿ ದೊಡ್ಡ ಕೋಣೆಯನ್ನೇ ಬಿಟ್ಟಿದ್ದಾರೆ. ನಡೆಯಲು ಕಲಿತಿದ್ದ ಆ ಮಗು ಅಜ್ಜಿಯನ್ನು ಕಂಡು ಅಮ್ಮನ ಹಿಂದೆ ಅಡಗಿತಂತೆ. ಇದನ್ನು ಹೇಳುವಾಗ ಆಕೆಯ ಕಣ್ಣು ತುಂಬಿತು. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡಳು.

ನಮ್ಮ ಮನೆಗಳಲ್ಲಿ ನಿವೃತ್ತಿಯಾಗುವುದು ಗಂಡಸು. ಅವನಿಗೆ ಪಾರ್ಕು, ಪೇಪರು, ಪೆನ್ಶನ್ ಕಟ್ಟೆಯ ಗೆಳೆಯರು. ಹೆಂಗಸಿಗೆ ಅದೇ ಒಲೆ, ಜೊತೆಗೆ ದಿನವಿಡೀ ಮನೆಯಲ್ಲಿರುವ ಗಂಡ. ನೌಕರಿ ಮಾಡಿದವಳಾದರೂ ಒಲೆಯಿಂದ ನಿವೃತ್ತಿ ಇಲ್ಲ. ಒಂದೇ ಸೂರಿನಡಿ ಇದ್ದೂ ಇಬ್ಬರಿಗೂ ಸೇರಿ ಮಾಡುವ ಒಂದು ಕೆಲಸವಿಲ್ಲ, ಮಕ್ಕಳ ಫೋನಿಗೆ ಕಾಯುವುದೊಂದನ್ನು ಬಿಟ್ಟು.

ಆದ್ದರಿಂದ ನಮ್ಮ ಮಠಗಳಿಗೆ, ಆಶ್ರಮಗಳಿಗೆ, ಬಿಳಿಗಿರಿರಂಗನ ಬೆಟ್ಟದಲ್ಲೂ ಸರಗೂರಿನಲ್ಲೂ ಗಿರಿಜನರ ನಡುವೆ ಆಸ್ಪತ್ರೆ, ಶಾಲೆ ನಡೆಸುತ್ತಿರುವಂಥ ಸಂಸ್ಥೆಗಳಿಗೆ ನನ್ನದೊಂದು ಕೋರಿಕೆ. ನಿವೃತ್ತರನ್ನು ಕರೆಯುವಾಗ ಗಂಡ ಹೆಂಡತಿ ಇಬ್ಬರ ಹೆಸರಿಗೂ ಸೇರಿಸಿ ಪತ್ರ ಬರೆಯಿರಿ. ವರ್ಷಕ್ಕೆ ಇಷ್ಟು ಎಂದು ಅವಧಿ ಗೊತ್ತುಮಾಡಿ, ಇಬ್ಬರಿಗೂ ಬೇರೆ ಬೇರೆ ಹೊಣೆ ಕೊಡಿ, ಇರಲು ಒಂದು ಕೋಣೆ ತೋರಿಸಿ. ನಮ್ಮಲ್ಲಿ ಲೆಕ್ಕ ಬರೆಯಬಲ್ಲವರಿದ್ದಾರೆ, ಹಾಸ್ಟೆಲಿನ ಮಕ್ಕಳಿಗೆ ಜ್ವರ ಬಂದರೆ ರಾತ್ರಿ ಎದ್ದು ನೋಡಬಲ್ಲವರಿದ್ದಾರೆ. ಖರ್ಚನ್ನು ನಾವೇ ನೋಡಿಕೊಳ್ಳುತ್ತೇವೆ.