"ಅಣ್ಣ, ನೀವೂ ದುಡ್ಡು ಕೇಳ್ತೀರಾ?"

ಮೊನ್ನೆ ರಾತ್ರಿ ಪಕ್ಕದ ತಾಲ್ಲೂಕಿನ ಹುಡುಗನೊಬ್ಬ ಫೋನ್ ಮಾಡಿದ್ದ. ಒಳ್ಳೆ ಹುಡುಗ, ಓದಿಕೊಂಡವನು. ಧರಣಿ ಅಂದರೆ ಬ್ಯಾನರ್ ಕಟ್ಟುವುದರಿಂದ ಹಿಡಿದು ಕೊನೆಗೆ ಕುರ್ಚಿ ಎತ್ತಿಡುವವರೆಗೂ ಇರುವವನು. "ಅಣ್ಣ, ಏಪ್ರಿಲ್ 14ಕ್ಕೆ ಸ್ಮರಣ ಸಂಚಿಕೆ ಮಾಡ್ತಿದೀವಿ, ನಿಮ್ದೊಂದು ಲೇಖನ ಬೇಕೇ ಬೇಕು, ನಾಡಿದ್ದರೊಳಗೆ" ಅಂದ. "ಆಯ್ತು ತಮ್ಮ, ಎಷ್ಟು ಕೊಡ್ತೀರಿ?" ಅಂದೆ. ಆ ಕಡೆಯಿಂದ ಸದ್ದಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ ಎರಡು ಸಲ ಹಲೋ ಹಲೋ ಅಂದೆ. ಆಮೇಲೆ ಮೆಲ್ಲಗೆ, "ಅಣ್ಣ, ನೀವೂ ದುಡ್ಡು ಕೇಳ್ತೀರಾ?" ಅಂದ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ನೊಂದುಕೊಂಡು ಕೇಳಿದ.

ಫೋನಿನಲ್ಲಿ ಅವನಿಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಮೂರು ವರ್ಷದಿಂದ ನಾನು ಯಾರ ಹತ್ತಿರವೂ ಸಂಬಳಕ್ಕಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ 'ಸ್ವತಂತ್ರ ಬರಹಗಾರ' ಅಂತ ಇದೆ. ಅವ್ವನನ್ನು ಯಾರಾದರೂ ಮಗ ಏನು ಮಾಡ್ತಾನೆ ಅಂತ ಕೇಳಿದರೆ "ಮನೇಲಿ ಕುಂತವ್ನೆ" ಅಂತಾಳೆ. ಎರಡೂ ನಿಜವೇ.

ಅದಕ್ಕೂ ಮುಂಚೆ ಹನ್ನೊಂದು ವರ್ಷ ಒಂದು ಸಂಸ್ಥೆಯಲ್ಲಿದ್ದೆ. ವಾರಕ್ಕೆ ನಾಲ್ಕು ದಿನ ಊರೂರು ಸುತ್ತಾಟ, ಉಳಿದ ದಿನ ಸಂಘಟನೆ. ಮಗಳು ಹುಟ್ಟಿದ ದಿನ ಜಿಲ್ಲಾಧಿಕಾರಿ ಕಚೇರಿ ಮುಂದೆ ಘೋಷಣೆ ಕೂಗುತ್ತಿದ್ದೆ ಅಂತ ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಈಗ ಹೇಳೋಕೆ ನಾಚಿಕೆ ಆಗುತ್ತೆ.

ಬಿಟ್ಟಿದ್ದಕ್ಕೆ ಎರಡು ಕಾರಣ. ಒಂದು, ಪ್ರಾಜೆಕ್ಟ್ ಮುಗಿಯಿತು, ಸಂಬಳ ನಿಂತಿತು. ಇನ್ನೊಂದು ಅದಕ್ಕಿಂತ ಒಂದು ತಿಂಗಳು ಮುಂಚೆ ನಡೆದದ್ದು. ಅವತ್ತು ಫೆಬ್ರವರಿ 7, ರಮಾಬಾಯಿಯವರ ಜಯಂತಿ. ನಾನೇ ಮುಖ್ಯ ಭಾಷಣಕಾರ. ಬಾಬಾಸಾಹೇಬರು ಪರದೇಶದಲ್ಲಿ ಓದುತ್ತಿದ್ದಾಗ ಆ ತಾಯಿ ಬೆರಣಿ ತಟ್ಟಿ ಸಂಸಾರ ತೂಗಿಸಿದ್ದು, ಐದು ಮಕ್ಕಳಲ್ಲಿ ನಾಲ್ಕನ್ನು ಮಣ್ಣು ಮಾಡಿ ಯಶವಂತನೊಬ್ಬನನ್ನು ಉಳಿಸಿಕೊಂಡಿದ್ದು, 1935ರಲ್ಲಿ ಕಣ್ಣು ಮುಚ್ಚಿದ್ದು, ಎಲ್ಲ ಹೇಳಿದೆ. ಸಭೆಯಲ್ಲಿ ಜನ ಅತ್ತರು. ನಾನೂ ಅತ್ತೆ. ಹಾರ, ಶಾಲು ಹಾಕಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ ನನ್ನ ಸಂಗಾತಿ ನಡುಮನೆಯಲ್ಲಿ ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಒದ್ದೆ ಬಟ್ಟೆ ಹಣೆಗೆ ಇಡುತ್ತಿದ್ದಳು. ನೂರ ಮೂರು ಜ್ವರ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಹಗಲಿಡೀ ಮಲಗಿರಲಿಲ್ಲ, ಮತ್ತೆ ಅವತ್ತಿನ ನೈಟ್‌ಗೆ ರಜೆ ಹಾಕಿದ್ದಳು. ನನಗೆ ಒಂಬತ್ತು ಸಲ ಫೋನ್ ಮಾಡಿದ್ದಳು, ನನ್ನದು ಸೈಲೆಂಟಿನಲ್ಲಿತ್ತು. ಬೈಯಲಿಲ್ಲ. ಶಾಲನ್ನು ನೋಡಿ, "ಇವತ್ತು ಯಾರ ತ್ಯಾಗದ ಬಗ್ಗೆ ಮಾತಾಡಿ ಬಂದ್ರಿ?" ಅಂದಳು.

ಬಾಬಾಸಾಹೇಬರು ಆ ಋಣ ಮರೆತವರಲ್ಲ. 1940ರಲ್ಲಿ ಬಂದ 'ಥಾಟ್ಸ್ ಆನ್ ಪಾಕಿಸ್ತಾನ್' ಪುಸ್ತಕವನ್ನು ರಾಮುವಿನ ನೆನಪಿಗೇ ಅರ್ಪಿಸಿದ್ದಾರೆ. ನಾವು ಅರ್ಪಣೆಯ ಪುಟ ಮಗುಚಿ ಸೀದಾ ವಾದಕ್ಕೆ ಹೋಗುವ ಓದುಗರು.

ಹಾಗೆ ಮನೆಯಲ್ಲಿ ಕೂತು ಬರೆದು ಬದುಕೋಣ ಅಂತ ಶುರು ಮಾಡಿದೆ. ಮೊದಲ ತಿಂಗಳು ಬಂದದ್ದು 1,800 ರೂಪಾಯಿ. ಎರಡನೇ ತಿಂಗಳು ಸೊನ್ನೆ. ಮೂರನೇ ತಿಂಗಳು ಯಾವುದೋ ಅನುವಾದದ ಏಜೆನ್ಸಿಯವರು ಟೆಸ್ಟ್ ಅಂತ ಎರಡು ಸಾವಿರ ಪದ ಮಾಡಿಸಿಕೊಂಡು ಮಾಯವಾದರು. ಅದು ಟೆಸ್ಟ್ ಅಲ್ಲ, ಪೂರ್ತಿ ಕೆಲಸವೇ ಅಂತ ಆಮೇಲೆ ತಿಳಿಯಿತು. ಹೊಸದಾಗಿ ಈ ಕಡೆ ಬರುವ ತಮ್ಮಂದಿರು, ತಂಗಿಯರು ಇದನ್ನೊಂದು ನೆನಪಿಡಿ: ಒಂದು ಪುಟ ಮಾಡಿ ತೋರಿಸಿ, ಅದಕ್ಕಿಂತ ಹೆಚ್ಚು ಕೇಳಿದರೆ ರೇಟು ಹೇಳಿ. ರೇಟನ್ನು ಫೋನಿನಲ್ಲಿ ಮಾತಾಡಿ ಬಿಡಬೇಡಿ, ಮೇಲ್‌ನಲ್ಲಿ ಬರೆಸಿಕೊಳ್ಳಿ. ಪದ ಎಣಿಸುವುದು ಇಂಗ್ಲಿಷಿನದೋ ಕನ್ನಡದ್ದೋ ಅಂತ ಮೊದಲೇ ಕೇಳಿ. ನಮ್ಮ ಭಾಷೆಯಲ್ಲಿ ವಿಭಕ್ತಿ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಕನ್ನಡದ ಲೆಕ್ಕ ಹಿಡಿದರೆ ಕೈಗೆ ಬರುವ ದುಡ್ಡು ಕಮ್ಮಿ ಆಗುತ್ತೆ. ಇದು ತಿಳಿಯೋಕೆ ನನಗೆ ಆರು ತಿಂಗಳು ಬೇಕಾಯ್ತು.

ಮತ್ತೆ ನುಡಿ-ಯೂನಿಕೋಡ್ ಗೋಳು. ಪ್ರೆಸ್ಸಿನವರು ನುಡಿ ಫೈಲೇ ಬೇಕು ಅಂತಾರೆ, ಬೆಂಗಳೂರಿನ ಕಂಪನಿಯವರು ಯೂನಿಕೋಡ್ ಅಂತಾರೆ. ಕನ್ವರ್ಟ್ ಮಾಡಿದರೆ ಎಲ್ಲೋ ಒಂದು ಒತ್ತಕ್ಷರ ತಪ್ಪಿಸಿಕೊಂಡಿರುತ್ತೆ. ರಾತ್ರಿಯೆಲ್ಲ ಕೂತು ಅರ್ಕಾವತ್ತು ಹುಡುಕಿದ್ದೇನೆ. ಟಿಡಿಎಸ್ ಕಥೆಯೂ ಹೇಳಿಬಿಡ್ತೀನಿ. ಒಂದು ದೊಡ್ಡ ಕೆಲಸಕ್ಕೆ ಬಿಲ್ಲು ಹಾಕಿದ್ದಕ್ಕೆ ನೂರಕ್ಕೆ ಹತ್ತು ಹಿಡಿದುಕೊಂಡು ಕೊಟ್ಟರು. ನಾನು ಹೋರಾಟಗಾರ ಅಲ್ವಾ, ಸೀದಾ ಜಗಳಕ್ಕೆ ಹೋದೆ. ಅಲ್ಲಿನ ಅಕೌಂಟೆಂಟ್ ಹುಡುಗಿ ನಗುತ್ತಾ 26ಎಎಸ್ ತೆಗೆದು ತೋರಿಸಿ, "ನಿಮ್ಮ ಪ್ಯಾನ್‌ನಲ್ಲೇ ಜಮಾ ಆಗಿದೆ ಸಾರ್, ರಿಟರ್ನ್ಸ್ ಹಾಕಿ, ನಿಮ್ಮ ಆದಾಯಕ್ಕೆ ಟ್ಯಾಕ್ಸ್ ಬರಲ್ಲ, ವಾಪಸ್ ಸಿಗುತ್ತೆ" ಅಂದಳು. ಪ್ಯಾನ್ ಕೊಡದಿದ್ದರೆ ಇಪ್ಪತ್ತು ಹಿಡೀತಿದ್ದರಂತೆ. ನನಗೆ ಸರ್ಕಾರದಿಂದ ಯಾವ ಹೋರಾಟವೂ ಇಲ್ಲದೆ ದುಡ್ಡು ವಾಪಸ್ ಬಂದದ್ದು ಅದೇ ಮೊದಲು.

ಈಗ ಲೇಖನಗಳ ವಿಷಯ. ನಮ್ಮಂಥವರ ಕ್ಯಾಲೆಂಡರಿನಲ್ಲಿ ಸೀಸನ್ ಎರಡೇ, ಏಪ್ರಿಲ್ 14 ಮತ್ತು ಡಿಸೆಂಬರ್ 6. ಆ ಎರಡು ವಾರ ಬಿಟ್ಟರೆ ಯಾವ ಸಂಪಾದಕರಿಗೂ ನೆನಪಾಗಲ್ಲ. ಒಂದು ಸಲ ಮಗಳಿಗೆ ಸೈಕಲ್ ಕಲಿಸಿದ್ದರ ಬಗ್ಗೆ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಸಾಮಾನ್ಯ ವಿಷಯ ಬಿಡಿ, ಮೊಣಕಾಲು ಕೆತ್ತಿಸಿಕೊಂಡಿದ್ದು, ಹಿಂದಿನಿಂದ ಸೀಟು ಹಿಡಿದು ಓಡಿ ಓಡಿ ನನಗೆ ಏದುಸಿರು ಬಂದದ್ದು, ಯಾವಾಗ ಕೈ ಬಿಟ್ಟೆ ಅಂತ ಅವಳಿಗೆ ಗೊತ್ತೇ ಆಗದೆ ಲೇಔಟಿನ ಕೊನೆವರೆಗೂ ಹೋಗಿದ್ದು. ಅಲ್ಲಿಂದ ಫೋನ್ ಬಂತು. "ಚೆನ್ನಾಗಿದೆ, ಆದ್ರೆ ನಿಮ್ಮಿಂದ ನಾವು ಎದುರು ನೋಡೋದು ಬೇರೆ. ಬಾಲ್ಯದಲ್ಲಿ ಅನುಭವಿಸಿದ ಅವಮಾನ, ಆ ಥರ ಏನಾದ್ರೂ ಇದ್ರೆ ಕೊಡಿ." ಅವಮಾನ ಬೇಕಾದಷ್ಟಿದೆ ಸ್ವಾಮಿ, ಗೋದಾಮು ತುಂಬಾ ಇದೆ. ಆದ್ರೆ ನನ್ನ ಮಗಳು ಸೈಕಲ್ ಕಲಿತದ್ದು ಬೇರೆಯವರ ಮಗಳು ಕಲಿತಷ್ಟೇ ಓದಬೇಕಾದ ಸಂಗತಿ ಯಾಕಲ್ಲ? ನಮ್ಮ ನೋವಿಗೆ ಪುಟ ಇದೆ, ನಮ್ಮ ಮನೆಯ ನಗುವಿಗೆ ಜಾಗ ಇಲ್ಲ. ಆ ಲೇಖನ ಇನ್ನೂ ನನ್ನ ಹತ್ತಿರವೇ ಇದೆ. ಅವಮಾನದ್ದು ಬರೆದು ಕೊಟ್ಟೆ, ಹಾಕಿದರು. ದುಡ್ಡು ಬೇಕಿತ್ತು.

ಈ ಮಧ್ಯೆ ನನ್ನ ಅನುವಾದಕ್ಕೆ ಒಬ್ಬ ಪಂಡಿತರು ಸಿಕ್ಕರು. ನಮ್ಮವ್ವ. ರಾಗಿ ಬೇಸಾಯದ ಒಂದು ಕೈಪಿಡಿ ಕನ್ನಡಕ್ಕೆ ಮಾಡುತ್ತಿದ್ದೆ. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ನನ್ನದು. 'ಅಂತರಬೆಳೆ ಪದ್ಧತಿಯಲ್ಲಿ ಮುಖ್ಯ ಬೆಳೆಯ ಸಾಲುಗಳ ನಡುವೆ' ಅಂತ ಓದ್ತಾ ಇದ್ದೆ. ಅವ್ವ ಒಲೆ ಹತ್ತಿರದಿಂದಲೇ "ಅದೇನ್ಲಾ ಮೊಗ ಅದು?" ಅಂದಳು. ವಿವರಿಸಿದೆ. "ರಾಗಿ ನಡ್ವೆ ಅವರೆ, ಹುಚ್ಚೆಳ್ಳು ಸಾಲು ಬುಟ್ರೆ ಅದು ಅಕ್ಕಡಿ ಅಲ್ವೇನ್ಲಾ? ಇಷ್ಟು ಓದಿ ಅಕ್ಕಡಿ ಅನ್ನಕ್ಕೆ ಬರಲ್ವಾ ನಿಂಗೆ?" ಅಂದಳು. ಆ ಕೈಪಿಡಿಯಲ್ಲಿ ಹದಿನೆಂಟು ಪದ ಅವ್ವನ ಬಾಯಿಂದ ಬಂದವು. ಯಾವ ಹೊಲವೂ ಅವಳದಾಗಿರಲಿಲ್ಲ, ನಲವತ್ತು ವರ್ಷ ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ಕಟಾವು ಮಾಡಿ ಕಲಿತ ಪದಗಳು ಅವು. ದುಡ್ಡು ಬಂದ ದಿನ ಅವಳ ಕೈಗೆ 500 ರೂಪಾಯಿ ಕೊಟ್ಟು "ನಿನ್ ಪಾಲು" ಅಂದೆ. "ಮಾತಾಡಿದ್ದಕ್ಕೆಲ್ಲ ಕಾಸು ಕೊಡ್ತಾರ?" ಅಂತ ಕೇಳಿದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮೂರು ದಿನ ಬೀದಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

ತಮ್ಮ, ನಿನ್ನ ಪ್ರಶ್ನೆಗೆ ಈಗ ಬರ್ತೀನಿ.

ನಮ್ಮಪ್ಪ ಜೀತಕ್ಕಿದ್ದವನು. ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ, ನಮ್ಮೂರಿಗೆ ಅದು ತಲುಪಿದ್ದು ಎಷ್ಟೋ ವರ್ಷ ಆದ ಮೇಲೆ. ಜೀತ ಬಿಟ್ಟ ಮೇಲೂ ಬಿಟ್ಟಿ ಚಾಕರಿ ಬಿಡಲಿಲ್ಲ. ಮಾರಿಹಬ್ಬಕ್ಕೆ ಮೂರು ದಿನ ತಮಟೆ ಬಡೀಬೇಕು, ಸತ್ತ ದನ ಎಳೀಬೇಕು, ಸಾವಿನ ಸುದ್ದಿ ಹೊತ್ತುಕೊಂಡು ಊರೂರಿಗೆ ನಡೀಬೇಕು. ಕೂಲಿ ಕೇಳಿದರೆ "ಇದು ನಿಮ್ ಹಕ್ಕು ಕಣ್ರೋ, ಹಕ್ಕಿಗೆ ಕೂಲಿ ಕೇಳ್ತಾರಾ" ಅಂತಿದ್ದರು. ನಮ್ಮ ಕೇರಿ ಹುಡುಗರು ಸಂಘದ ಬೋರ್ಡು ನೆಟ್ಟು, ಇನ್ನು ಮೇಲೆ ಬಿಟ್ಟಿ ಬಡಿಯಲ್ಲ ಅಂದಾಗ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೂಡ ಕೊಡಲಿಲ್ಲ. ಆ ಹೋರಾಟ ನಿನಗೂ ಗೊತ್ತು, ನಿಮ್ಮೂರಲ್ಲೂ ಆಗಿದೆ.

ಸ್ಮರಣ ಸಂಚಿಕೆ ಮಾಡ್ತೀರಲ್ಲ, ಪ್ರೆಸ್ಸಿಗೆ ಕೊಡ್ತೀರಿ, ಡಿಟಿಪಿಯವನಿಗೆ ಕೊಡ್ತೀರಿ, ಶಾಮಿಯಾನ, ಫ್ಲೆಕ್ಸ್, ಮೈಕ್‌ಸೆಟ್, ಅಡುಗೆಯವರು, ಎಲ್ಲರಿಗೂ ಕೊಡ್ತೀರಿ. ಬರೆದವನಿಗೆ ಮಾತ್ರ "ಇದು ಚಳವಳಿ ಕೆಲಸ ಅಣ್ಣ." 1920ರ ಜನವರಿ 31ಕ್ಕೆ 'ಮೂಕನಾಯಕ' ಹೊರಬರುವಾಗ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಮೂಕರ ಪತ್ರಿಕೆಗೂ ದುಡ್ಡು ಬೇಕಿತ್ತು. ಠಾಣೆಯಲ್ಲಿ ಕೇಸು ತಗೊಳ್ಳಲ್ಲ ಅಂತ ಬರುವ ಯಾರಿಗೂ ನಾನು ಅರ್ಜಿ ಬರೆಯೋಕೆ ಒಂದು ರೂಪಾಯಿ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅದು ಬೇರೆ. ಎರಡು ಲಕ್ಷ ಖರ್ಚು ಮಾಡಿ ಮಾಡುವ ಸಮಾರಂಭಕ್ಕೆ ಎರಡು ದಿನ ಕೂತು ಬರೆಯುವುದು ಬೇರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯ ಅನ್ನಿಸಿಕೊಳ್ತೀನಿ. ಆದರೆ ಇದೇ ಲೆಕ್ಕ ಮನೆಯೊಳಗೆ ಹಾಕಿದಾಗ ಬಾಯಿ ಕಟ್ಟಿತು. ಹನ್ನೊಂದು ವರ್ಷ ನನ್ನ ಬಟ್ಟೆ ಒಗೆದದ್ದು, ನಡುರಾತ್ರಿ ನಾನು ಕರಕೊಂಡು ಬಂದ ನಾಲ್ಕು ಜನ ಕಾರ್ಯಕರ್ತರಿಗೆ ಎದ್ದು ಮುದ್ದೆ ತೊಳಸಿದ್ದು, ಮಗಳ ಜ್ವರ, ಅವ್ವನ ಶುಗರ್ ಮಾತ್ರೆ, ಇದನ್ನೆಲ್ಲ ಯಾವ ಹೆಸರಿನಲ್ಲಿ ತಗೊಂಡೆ? ನಾನು ಜಗತ್ತಿನ ಬಿಟ್ಟಿ ಚಾಕರಿ ವಿರುದ್ಧ ಮೈಕು ಹಿಡಿದವನು.

ಈಗ ನಮ್ಮನೆ ದಿನಚರಿ ಅವಳ ಶಿಫ್ಟಿನ ಮೇಲೆ ನಿಂತಿದೆ. ಬೆಳಗಿನ ಡ್ಯೂಟಿ ಇದ್ದರೆ ತಿಂಡಿ ನನ್ನದು, ನೈಟ್ ಇದ್ದರೆ ರಾತ್ರಿ ಅಡುಗೆ ನನ್ನದು. ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು ಒಂಬತ್ತೂವರೆಗೆ ಕೂತರೆ ಒಂದು ಗಂಟೆವರೆಗೆ ಏಳಲ್ಲ. ಏಳಲ್ಲ ಅನ್ನೋದು ಬಾಯಿ ಮಾತು. ನೆಂಟರಿಷ್ಟರಿಗೆಲ್ಲ ನಾನು ಮನೇಲೇ ಇರುವುದು ಗೊತ್ತಾಗಿದೆ, ನಾಡಕಚೇರಿಗೆ ಹೋಗಿ ಜಾತಿ ಸರ್ಟಿಫಿಕೇಟು ತಂದುಕೊಡು, ಗ್ಯಾಸ್ ಬಂದರೆ ಇಳಿಸಿಕೊ, ಎಲ್ಲ ನನ್ನ ತಲೆಗೇ. ಡೆಡ್‌ಲೈನ್ ಅಂದರೆ ಏನು ಅಂತ ನಮ್ಮ ಚಿಕ್ಕಪ್ಪನಿಗೆ ಇನ್ನೂ ಅರ್ಥ ಮಾಡಿಸೋಕೆ ಆಗಿಲ್ಲ. ದುಡ್ಡೂ ಒಂದೇ ಸಮ ಬರಲ್ಲ. ಅವಳ ಸಂಬಳ ಇಲ್ಲದಿದ್ದರೆ ಮೊದಲ ವರ್ಷವೇ ಲ್ಯಾಪ್‌ಟಾಪ್ ಮಾರಬೇಕಿತ್ತು, ಇದನ್ನು ಮುಚ್ಚಿಟ್ಟು ಯಾರಿಗೂ ಧೈರ್ಯ ಹೇಳಬಾರದು.

ಆದರೆ ಸಂಜೆ ನಾಲ್ಕಕ್ಕೆ ಮಗಳು ಬಂದು ಬ್ಯಾಗು ಎಸೆದು, ಅವ್ವ ಚುರುಮುರಿ ಕಲಸಿ, ನಾವು ಮೂವರು, ಡ್ಯೂಟಿ ಇಲ್ಲದಿದ್ದರೆ ನಾಲ್ವರೂ, ಬಾಗಿಲಲ್ಲಿ ಕೂತು ಟೀ ಕುಡಿಯುತ್ತೇವಲ್ಲ, ಆ ಒಂದು ಗಂಟೆ ನನಗೆ ಯಾವ ಸಭೆಯಲ್ಲೂ ಸಿಗದಿದ್ದದ್ದು. "ಅವನು ಸಂಸಾರಸ್ಥ ಆಗ್ಬಿಟ್ಟ" ಅಂತ ಹಳೇ ಸಂಗಾತಿಯೊಬ್ಬರು ಹೇಳಿದರು ಅಂತ ಕಿವಿಗೆ ಬಿತ್ತು. ಬೇಜಾರಿಲ್ಲ. ನಮ್ಮಪ್ಪ ಹಗಲು ಬೆಳಕಿನಲ್ಲಿ ಮನೆಯಲ್ಲಿ ಕೂತದ್ದು ನನಗೆ ನೆನಪಿರುವುದು ಎರಡೇ ಸಲ, ಕಾಲಿಗೆ ಮುಳ್ಳು ಕೊಳೆತು ನಡೆಯಲಾಗದೆ ಇದ್ದಾಗ ಒಂದು ಸಲ, ಕೊನೆಯ ಕಾಯಿಲೆಯಲ್ಲಿ ಒಂದು ಸಲ. ಅವನಿಗೆ ಸಂಸಾರಸ್ಥನಾಗೋಕೆ ಯಾರೂ ಬಿಡಲಿಲ್ಲ.

ಇದನ್ನು ಅರ್ಧ ಬರೆದಿಟ್ಟಿದ್ದೆ, ಇವತ್ತು ಮಧ್ಯಾಹ್ನ ಆ ಹುಡುಗ ಮತ್ತೆ ಫೋನ್ ಮಾಡಿದ. ಕಮಿಟಿಯಲ್ಲಿ ಜಗಳ ಆಯ್ತಂತೆ. ಕೊನೆಗೆ ಗಣ್ಯರಿಗೆ ಹಾರ, ಶಾಲು, ನೆನಪಿನ ಕಾಣಿಕೆ ಕಡಿಮೆ ಮಾಡಿ ಲೇಖನ ಕೊಟ್ಟ ಎಲ್ಲರಿಗೂ ತಲಾ ಒಂದು ಸಾವಿರ ಅಂತ ಮಾಡಿದ್ದಾರಂತೆ. "ಕಮ್ಮಿ ಆಯ್ತು ಅಣ್ಣ" ಅಂದ. "ಸಾಕು ಕಣಪ್ಪ, ಬರೀತೀನಿ" ಅಂದೆ. ವಿಷಯ ಏನು ಅಂತ ಕೇಳಿದ. ಸೈಕಲ್ ಕಲಿಸಿದ್ದು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಕೊಡಿ ಅಣ್ಣ, ಹಾಕೋಣ" ಅಂದ.

ಅವಳಿಗೆ ಇವತ್ತು ನೈಟ್ ಡ್ಯೂಟಿ, ಎಂಟಕ್ಕೆ ಅಲ್ಲಿರಬೇಕು. ಉಪ್ಸಾರಿಗೆ ಕಾಳು ಬೇಯೋಕೆ ಇಟ್ಟು ಬಂದಿದ್ದೇನೆ, ಕುಕ್ಕರ್ ಮೂರನೇ ಸಲ ಕೂಗ್ತಿದೆ. ಕಾಮೆಂಟಿಗೆಲ್ಲ ನಾಳೆ ಉತ್ತರ ಕೊಡ್ತೀನಿ.

ಜೈ ಭೀಮ್.