ಒಂದು ಪೆಟ್ಟಿಗೆ, ಎರಡು ಒಕ್ಕಲು

ಪಾಲು ಎಂಬ ಮಾತಿಗೆ ನಮ್ಮ ಕರಾವಳಿಯಲ್ಲಿ ಒಳ್ಳೆಯ ಹೆಸರಿಲ್ಲ. ಭಟ್ಕಳದಿಂದ ಕುಮಟಾದವರೆಗೆ ಯಾವ ಊರಿಗೆ ಹೋದರೂ, ಅಂಗಳದ ನಡುವೆ ಎದ್ದ ಗೋಡೆಯನ್ನೋ ತೋಟದ ನಡುವೆ ಹಾಕಿದ ಬೇಲಿಯನ್ನೋ ತೋರಿಸಿ, “ಅಣ್ಣತಮ್ಮಂದಿರು ಹಿಸ್ಸೆಯಾದರು” ಎಂದು ದನಿ ತಗ್ಗಿಸಿ ಹೇಳುವವರು ಸಿಗುತ್ತಾರೆ. ಪಾಲಾಗುವುದೆಂದರೆ ಮನಸ್ಸು ಮುರಿಯುವುದು ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಹೊನ್ನಾವರದ ನಮ್ಮ ಮನೆಯಲ್ಲಿ ಕಂಪ್ಯೂಟರನ್ನು ಪಾಲು ಮಾಡುವ ಪ್ರಸಂಗ ಒದಗಿದಾಗ, ಆ ಮಾತಿನ ಇನ್ನೊಂದು ಮುಖವೂ ನನಗೆ ಕಾಣಿಸಿತು.

ಆ ಕಂಪ್ಯೂಟರಿಗೆ ಇಬ್ಬರು ಹಕ್ಕುದಾರರಿದ್ದರು. ಅಣ್ಣನ ಮಗನದು ಅಡಕೆ ವ್ಯಾಪಾರ. ಅವನು ಲೆಕ್ಕ ಬರೆಯುವ ತಂತ್ರಾಂಶ ನಡೆಯುವುದು ವಿಂಡೋಸಿನಲ್ಲಿ. ನನ್ನ ಮಗಳು ಭಟ್ಕಳದಲ್ಲಿ ಇಂಜಿನಿಯರಿಂಗ್ ಓದುವವಳು. ಅವಳ ಅಭ್ಯಾಸಕ್ಕೆ ಲಿನಕ್ಸ್ ಬೇಕು. ಇವೆರಡೂ ಆಪರೇಟಿಂಗ್ ಸಿಸ್ಟಮ್‌ಗಳು, ಎಂದರೆ ಯಂತ್ರದ ಮನೆವಾರ್ತೆಯನ್ನು ನೋಡಿಕೊಳ್ಳುವ ಯಜಮಾನರು. ಒಂದು ದೊಡ್ಡ ಸಂಸ್ಥೆಯ ಸ್ವತ್ತು. ಇನ್ನೊಂದು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿ, ಬಳಿಕ ಲೋಕದ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದು. ಇನ್ನೊಂದು ಯಂತ್ರವನ್ನು ಕೊಳ್ಳುವ ಅನುಕೂಲ ನಮಗಿರಲಿಲ್ಲ. ಇದ್ದ ಹಾರ್ಡ್ ಡಿಸ್ಕಿನಲ್ಲಿಯೇ ಇಬ್ಬರು ಯಜಮಾನರೂ ಬಾಳಬೇಕಾಗಿತ್ತು.

ಅದರಲ್ಲಿ ಬೆಲೆ ಕಟ್ಟಲಾಗದ ಇನ್ನೊಂದು ವಸ್ತುವಿತ್ತು. ನಮ್ಮ ಅಪ್ಪಯ್ಯ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಹಳೆಯ ಕ್ಯಾಸೆಟ್ಟುಗಳು ಬೂಸಲು ಹಿಡಿಯುವ ಮುನ್ನ ಅವರ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿದ್ದೆವು. ಅಪ್ಪಯ್ಯ ಈಗಿಲ್ಲ, ಆ ಧ್ವನಿ ಬೇರೆಲ್ಲಿಯೂ ಇರಲಿಲ್ಲ. ಡಿಸ್ಕಿನಲ್ಲಿ ಗೆರೆಯೊಂದು ತಪ್ಪಿ ಬಿದ್ದರೆ, ಅದರೊಳಗಿನದೆಲ್ಲ ಅಳಿದುಹೋಗಬಹುದು. ಮಗಳು ಅದನ್ನು ಬಲ್ಲವಳು. “ಅಪ್ಪಾ, ಮೊದಲು ಅಜ್ಜನ ಧ್ವನಿಗೆ ಇನ್ನೊಂದು ಮನೆ ಮಾಡೋಣ. ಗೆರೆ ಎಳೆಯುವುದು ಆಮೇಲೆ” ಎಂದಳು. ಬೇರೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಪ್ರತಿಯೊಂದನ್ನೂ ತೆರೆದು ಕೇಳಿ ನೋಡಿದ ಮೇಲೆಯೇ ಕೆಲಸಕ್ಕೆ ಕೈಹಾಕಿದೆವು.

ಜಮೀನಿಗೆ ಪಾಲುಪಟ್ಟಿ ಇರುವಂತೆ ಡಿಸ್ಕಿಗೂ ಒಂದು ಪಾಲುಪಟ್ಟಿ ಇರುತ್ತದೆ. ಯಾವ ಪಾಲು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. 1983ರಲ್ಲಿ ಬಂದ ಹಳೆಯ ಪದ್ಧತಿಯಲ್ಲಿ ಈ ಪಟ್ಟಿಗೆ ದೊರೆತದ್ದು 64 ಬೈಟುಗಳಷ್ಟು ಜಾಗ; ಮುಖ್ಯ ಪಾಲುಗಳು ನಾಲ್ಕನ್ನು ಮೀರುವಂತಿರಲಿಲ್ಲ. ಈಗಿನ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಯುಂಟು. ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ತುದಿಯಲ್ಲಿ ಕಾದಿರಿಸುವುದು ಇದರ ವಿಶೇಷ. ದಸ್ತಾವೇಜಿನ ನಕಲನ್ನು ಬೇರೆ ಪೆಟ್ಟಿಗೆಯಲ್ಲಿಡುವ ಹಿರಿಯರ ಜಾಣ್ಮೆಯೇ ಇದು.

ನಮ್ಮ ಡಿಸ್ಕಿನ ಮೇಲೆ 500 ಗಿಗಾಬೈಟ್ ಎಂದು ಬರೆದಿತ್ತು; ತೆರೆದು ನೋಡಿದರೆ 465 ಎಂದು ಕಾಣುತ್ತಿತ್ತು. ಅಳತೆಗೋಲು ಬೇರೆಯಾದುದೇ ಇದಕ್ಕೆ ಕಾರಣ: ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸು 1024ರ ಲೆಕ್ಕ ಹಿಡಿಯುತ್ತದೆ. ಮೊದಲು ವಿಂಡೋಸಿನ ಪಾಲನ್ನು ಅದರದೇ ಸಾಧನದಿಂದ ಕುಗ್ಗಿಸಿ, ಸುಮಾರು 200ನ್ನು ಅದಕ್ಕೆ ಬಿಟ್ಟೆವು. 65 ಲಿನಕ್ಸಿಗೆ ಸಂದಿತು. ಉಳಿದ 200 ಇಬ್ಬರಿಗೂ ಸೇರಿದ ಅಂಗಳವಾಯಿತು. ಲಿನಕ್ಸಿನ ಸ್ವಂತ ಪಾಲಿನ ಬರವಣಿಗೆಯನ್ನು ವಿಂಡೋಸು ತಾನಾಗಿ ಓದಲಾರದು. ಆದುದರಿಂದ ಅಂಗಳವನ್ನು ಇಬ್ಬರೂ ಓದಿ ಬರೆಯಬಲ್ಲ ಎನ್‌ಟಿಎಫ್‌ಎಸ್ ಕ್ರಮದಲ್ಲಿ ಅಣಿಗೊಳಿಸಿದೆವು. ಅಪ್ಪಯ್ಯನ ಧ್ವನಿ ಅಲ್ಲಿ ನೆಲೆಸಿತು.

ಆದರೆ ಒಂದೇ ನೆಲದಲ್ಲಿ ಇಬ್ಬರ ಬೇಸಾಯ ಸಾಗುವುದು ಹೇಗೆ? ಈ ಪ್ರಶ್ನೆಗೆ ಕುಮಟಾ ತಾಲೂಕಿನ ಗಜನಿ ಗದ್ದೆಗಳು ಬಹುಕಾಲದಿಂದ ಉತ್ತರ ಹೇಳುತ್ತ ಬಂದಿವೆ. ಅಘನಾಶಿನಿಯ ಅಳಿವೆಯಂಚಿನ ಈ ಉಪ್ಪುನೆಲದಲ್ಲಿ, ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲು ಮುಗಿದ ಬಳಿಕ ಭರತದ ನೀರನ್ನು ಒಳಗೆ ಬಿಡುತ್ತಾರೆ. ಅದೇ ಗದ್ದೆ ಮೀನು ಸಿಗಡಿಗಳ ನೆಲೆಯಾಗುತ್ತದೆ. ಭತ್ತಕ್ಕೊಂದು ಕಾಲ, ಮೀನಿಗೊಂದು ಕಾಲ. ನಮ್ಮ ಯಂತ್ರವೂ ಹಾಗೆಯೇ: ಗುಂಡಿ ಒತ್ತಿದೊಡನೆ, ಈ ಸಲ ಯಾರ ಸರದಿಯೆಂದು ಬಾಗಿಲಲ್ಲಿಯೇ ಕೇಳುತ್ತದೆ. ಒಬ್ಬರು ಆಳುವಾಗ ಮತ್ತೊಬ್ಬರು ವಿಶ್ರಮಿಸುತ್ತಾರೆ.

ಕೊಯ್ಲು ಮುಗಿಯುವ ಮೊದಲೇ ತೂಬು ತೆರೆದರೆ ಭತ್ತ ಹಾಳಾಗುವುದಷ್ಟೆ. ಇಲ್ಲಿಯೂ ಆ ಅಪಾಯವಿದೆ. ಬೇಗ ಏಳುವ ಆಸೆಯಿಂದ ವಿಂಡೋಸು, ಯಂತ್ರ ಆರಿದ ಮೇಲೂ ಪೂರ್ತಿ ತೆರವು ಮಾಡದೆ ಅರೆನಿದ್ರೆಯಲ್ಲಿರುತ್ತದೆ. ಆಗ ಲಿನಕ್ಸು ಅಂಗಳದಲ್ಲಿ ಬರೆಯಲು ಒಪ್ಪುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಆ ಏರ್ಪಾಟನ್ನು ನಿಲ್ಲಿಸಿದ ಮೇಲೆ ತಕರಾರು ತೀರಿತು.

ಗಡಿಯಾರದ ಜಗಳ ಇನ್ನೂ ಸ್ವಾರಸ್ಯವಾದುದು. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಬೀಳುತ್ತಿತ್ತು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸು ಊರಿನ ಸಮಯವೆಂದು ಓದುತ್ತದೆ. ಲಿನಕ್ಸು ಅದರಲ್ಲಿ ಜಾಗತಿಕ ಸಮಯವನ್ನಿಟ್ಟು, ಭಾರತದ ಐದೂವರೆ ಗಂಟೆಯನ್ನು ತಾನೇ ಕೂಡಿಸಿಕೊಳ್ಳುತ್ತದೆ. ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಪ್ರಾಮಾಣಿಕರು. ಊರಿನ ಸಮಯವನ್ನೇ ಇಡುವಂತೆ ಲಿನಕ್ಸಿಗೆ ಒಂದು ಮಾತು ತಿಳಿಸಿದೆವು, ಜಗಳ ನಿಂತಿತು.

ಲೋಕದಲ್ಲಿ ಎಷ್ಟೋ ಮನಸ್ತಾಪಗಳು ಹೀಗೆಯೇ ಹುಟ್ಟುತ್ತವೆಯಲ್ಲವೇ? ಗಡಿಯನ್ನು ಬರೆದಿಡದ ಕಡೆ ಅನುಮಾನ ಬೆಳೆಯುತ್ತದೆ. ಅಂಗಳವನ್ನೂ ಸೀಳಿದ ಕಡೆ ಬಾಂಧವ್ಯ ಒಣಗುತ್ತದೆ. ಬಾವಿಯನ್ನು ಹಂಚದೆ, ಹಗ್ಗ ಕೊಡಗಳನ್ನಷ್ಟೇ ಬೇರೆ ಮಾಡಿಕೊಂಡ ಮನೆಗಳಲ್ಲಿ ಬೆಳಗಾದರೆ ಎರಡೂ ಕಡೆಯವರು ಬಾವಿಕಟ್ಟೆಯ ಬಳಿ ಕೂಡುತ್ತಾರೆ. ನಮ್ಮ ಮನೆಯಲ್ಲಿ ಈಗ ಹಗಲು ಅಡಕೆಯ ಲೆಕ್ಕ ನಡೆಯುತ್ತದೆ. ಮಗಳು ಮನೆಗೆ ಬಂದ ದಿನ ರಾತ್ರಿ ಅವಳ ಪಾಠ ನಡೆಯುತ್ತದೆ. ಅಪ್ಪಯ್ಯನ ಅರ್ಥ ಕೇಳಬೇಕೆನಿಸಿದರೆ, ಯಾರ ಸರದಿಯೆಂದು ನಾನು ವಿಚಾರಿಸಬೇಕಾಗಿಲ್ಲ.